ಸೈಡ್‌ಕಾರ್ ಹಾಕಿಸ್ತೀರಾ? ಮೊದಲು ಫ್ರೇಮ್ ನೋಡಿ

ಎಲ್ಲರಿಗೂ ನಮಸ್ಕಾರ. ಇವತ್ತು ಟೆಂಟ್ ಬಗ್ಗೆ ಮಾತಾಡಬೇಕು ಅಂತಿದ್ದೆ. ಅದು ಮುಂದಿನ ವಾರ. ಸೈಡ್‌ಕಾರ್, ಅಂದರೆ ಬೈಕಿನ ಪಕ್ಕಕ್ಕೆ ಕಟ್ಟುವ ಒಂಟಿ ಚಕ್ರದ ಗಾಡಿ, ಅದರ ಬಗ್ಗೆ ಕಳೆದ ವಿಡಿಯೋಗೆ ಬಂದ ಒಂದು ಕಾಮೆಂಟ್ ತಲೆಯಿಂದ ಹೋಗುತ್ತಲೇ ಇಲ್ಲ. "ಗುರು, ನನ್ನ ಹತ್ರ ಹಳೇ ಕೆಟಿಎಂ 390 ಅಡ್ವೆಂಚರ್ ಬೈಕ್ ಇದೆ, 43 ಎಚ್‌ಪಿ. ಹೆಂಡ್ತಿ, ಮಗಳನ್ನ ಸೈಡ್‌ಕಾರಲ್ಲಿ ಕೂರಿಸ್ಕೊಂಡು ಮಲೆನಾಡು ಸುತ್ತಬೇಕು. ಆಗುತ್ತಾ?" ಅದರ ಕೆಳಗೆ ಸಾಲು ಸಾಲು ಉತ್ತರ: "ಪವರ್ ಸಾಕು ಬ್ರೋ, ಹಾಕ್ಸಿ."

ಹಾಕಿಸಬೇಡಿ! ಇದು ಪವರ್ ವಿಷಯವೇ ಅಲ್ಲ. ಫ್ರೇಮ್ ವಿಷಯ, ಅಂದರೆ ಇಂಜಿನ್, ಸೀಟು ಎಲ್ಲಾ ಹೊತ್ತಿರುವ ಚೌಕಟ್ಟಿನ ವಿಷಯ.

ಬರೀ ಬೈಕ್ ತಿರುವಿನಲ್ಲಿ ವಾಲುತ್ತದೆ. ಸೈಡ್‌ಕಾರ್ ಕಟ್ಟಿದ ಮೇಲೆ ವಾಲುವ ಮಾತೇ ಇಲ್ಲ, ಎಲ್ಲಾ ಅಡ್ಡ ಎಳೆತ. ನಮ್ಮಲ್ಲಿ ಸೈಡ್‌ಕಾರ್ ಎಡಗಡೆ ಇರುತ್ತದೆ. ಆಕ್ಸಿಲರೇಟರ್ ತಿರುಗಿಸಿದರೆ ಗಾಡಿ ಎಡಕ್ಕೆ ಎಳೆಯುತ್ತದೆ. ಬೈಕಿನ ಬ್ರೇಕ್ ಮಾತ್ರ ಹಿಡಿದರೆ ಸೈಡ್‌ಕಾರ್ ಮುಂದಕ್ಕೆ ನುಗ್ಗಿ ಇಡೀ ಗಾಡಿಯನ್ನು ಬಲಕ್ಕೆ ತಿರುಗಿಸುತ್ತದೆ. ಎಡ ತಿರುವಿಗೆ ಜೋರಾಗಿ ನುಗ್ಗಿದರೆ ಸೈಡ್‌ಕಾರಿನ ಚಕ್ರ ನೆಲ ಬಿಟ್ಟು ಮೇಲೇಳುತ್ತದೆ. ಆಗುಂಬೆಯಲ್ಲಿ ಹೇರ್‌ಪಿನ್ ತಿರುವುಗಳೇ 14. ಅಷ್ಟೂ ತಿರುವುಗಳಲ್ಲಿ ಈ ಎಳೆದಾಟ ತಡೆದುಕೊಳ್ಳುವುದು ಯಾವುದು? ಇಂಜಿನ್ನಾ? ಅಲ್ಲ. ಸೈಡ್‌ಕಾರನ್ನು ಬೈಕಿಗೆ ಹಿಡಿದಿಡುವ ನಾಲ್ಕು ಕ್ಲಾಂಪು, ಆ ಕ್ಲಾಂಪ್ ಕೂತಿರುವ ಫ್ರೇಮಿನ ಪೈಪು. ಅಷ್ಟೇ.

ಈಗ ಆ 390 ಕೆಳಗೆ ಬಗ್ಗಿ ನೋಡಿ. ಅದರದ್ದು ಟ್ರೆಲ್ಲಿಸ್ ಫ್ರೇಮ್, ಅಂದರೆ ಸಣ್ಣ ಪೈಪುಗಳನ್ನು ಜಾಲರಿಯಂತೆ ಬೆಸೆದದ್ದು. ಇಂಜಿನ್ ಕೆಳಗೆ ಪೈಪೇ ಇಲ್ಲ. ಕೆಳಗಿನ ಎರಡು ಕ್ಲಾಂಪ್ ಎಲ್ಲಿ ಕೂರಿಸ್ತೀರಿ? "ಸಬ್‌ಫ್ರೇಮ್ ಮಾಡಿಸ್ತೀನಿ" ಅಂತ ಒಬ್ಬರು ಬರೆದಿದ್ದಾರೆ, ಅಂದರೆ ಕ್ಲಾಂಪ್ ಕೂರಿಸಲು ಕೆಳಗೆ ಇನ್ನೊಂದು ಚೌಕಟ್ಟು. ಯಾರ ಹತ್ತಿರ? ಗೇಟು ಗ್ರಿಲ್ಲು ಮಾಡುವ ವೆಲ್ಡಿಂಗ್ ಅಂಗಡಿಯಲ್ಲಾ? ಅದರ ಮೇಲೆ ಮಗಳನ್ನು ಕೂರಿಸ್ತೀರಾ?

ಇನ್ನೊಂದು ಗುಂಪು ಇದೆ. "ಸೈಡ್‌ಕಾರ್ ಅಂದ್ರೆ ಬುಲೆಟ್, ಮಾತು ಮುಗೀತು." ಮುಗಿದಿಲ್ಲ. ಯುಸಿಇ ಇಂಜಿನ್ನಿನ, ಅಂದರೆ ಇಂಜಿನ್ನು ಗೇರ್‌ಬಾಕ್ಸು ಒಂದೇ ಪೆಟ್ಟಿಗೆಯಲ್ಲಿರುವ, ಬುಲೆಟ್ 350ಯಲ್ಲೂ ಮುಂದೆ ಇಳಿಯುವುದು ಒಂದೇ ಪೈಪ್. ಅಲ್ಲಿಂದ ಹಿಂದಕ್ಕೆ ಇಂಜಿನ್ನೇ ಫ್ರೇಮಿನ ಭಾಗ. ಊರೊಳಗೆ ನಿಧಾನಕ್ಕೆ ಓಡಿಸಿ, ಚೆನ್ನಾಗಿರುತ್ತದೆ. ಆದರೆ ಇಬ್ಬರು, ಲಗೇಜು, ಚಾರ್ಮಾಡಿ ಏರು? ನನ್ನ ಸ್ನೇಹಿತರ ಗಾಡಿಯಲ್ಲಿ ಮುಂದಿನ ಕ್ಲಾಂಪ್ ಪಕ್ಕ ಪೇಂಟ್ ಕೂದಲೆಳೆಯಷ್ಟು ಸೀಳಿತ್ತು. ಉಗುರಿನಿಂದ ಕೆರೆದರೆ ಒಳಗೆ ತುಕ್ಕಿನ ಗೆರೆ. ಬಟ್ಟೆಯಲ್ಲಿ ಒರೆಸಿ ನೋಡಿದರೆ ಸೀಳಿದ್ದು ಪೇಂಟ್ ಅಲ್ಲ, ಪೈಪು. ಅದೇ ಗಾಡಿ ಹಿಂದಿನ ದಿನ ಘಾಟಿ ಇಳಿದು ಬಂದಿತ್ತು.

ಎಚ್‌ಪಿ ಎಚ್‌ಪಿ ಅನ್ನುವವರು ಉರಾಲ್ ನೋಡಿ. ರಷ್ಯಾದಲ್ಲಿ ಹುಟ್ಟಿದ, ಸೈಡ್‌ಕಾರ್ ಸಮೇತ ಬರುವ ಗಾಡಿ. ಅದರ ಮೂಲ 1941ರ ಎಂ-72, ಅದರ ಮೂಲ ಬಿಎಂಡಬ್ಲ್ಯೂ ಆರ್71. 749 ಸಿಸಿ, ಬರೀ 41 ಎಚ್‌ಪಿ. ನಿಮ್ಮ 390ಗಿಂತ ಕಮ್ಮಿ! ಆದರೂ ಮಣ್ಣು, ಹಿಮ, ಎಲ್ಲಾ ಕಡೆ ಹೋಗುತ್ತದೆ. ಯಾಕೆ? ಫ್ರೇಮ್! ಸೈಡ್‌ಕಾರಿಗಂತಲೇ ಮಾಡಿದ ಫ್ರೇಮ್.

ನಮ್ಮ ಷೋರೂಮಲ್ಲಿ ಸಿಗುವುದರಲ್ಲಿ ನನ್ನ ಆಯ್ಕೆ ರಾಯಲ್ ಎನ್‌ಫೀಲ್ಡ್ ಇಂಟರ್‌ಸೆಪ್ಟರ್ 650. ಡಬಲ್ ಕ್ರೇಡಲ್ ಫ್ರೇಮ್, ಮುಂದೆ ಇಳಿಯುವುದು ಒಂದಲ್ಲ, ಎರಡು ಪೈಪ್. 52 ನ್ಯೂಟನ್ ಮೀಟರ್ ಟಾರ್ಕ್, ಅಂದರೆ ತಿರುಗಿಸುವ ಬಲ, ಇದೆ, ಅದು ಲಾಭಕ್ಕೆ. ಸ್ಪ್ರಿಂಗ್ ಗಟ್ಟಿ ಮಾಡಿಸಿ. ಲೀಡಿಂಗ್ ಲಿಂಕ್ ಫೋರ್ಕ್, ಅಂದರೆ ಮುಂದಕ್ಕೆ ಚಾಚಿದ ಗಿಡ್ಡ ತೋಳುಗಳು ಮುಂದಿನ ಚಕ್ರ ಹಿಡಿಯುವ ಫೋರ್ಕ್, ಹಾಕಿಸಿದರೆ ಹ್ಯಾಂಡಲ್ ಹಗುರ, ದಿನವಿಡೀ ಓಡಿಸಿದರೂ ತೋಳು ನೋಯಲ್ಲ. "ಮೈಲೇಜ್ ಎಷ್ಟು ಕೊಡುತ್ತೆ?" ದಯವಿಟ್ಟು ಕೇಳಬೇಡಿ. ಮೈಲೇಜ್ ಬೇಕಾದವರು ಬಸ್ಸಲ್ಲಿ ಹೋಗಿ.

ಹಾಂ, ಕಾನೂನು. ಮೋಟಾರು ವಾಹನ ಕಾಯ್ದೆಯ ಪ್ರಕಾರ ಸೈಡ್‌ಕಾರ್ ಕಟ್ಟಿದರೂ ಗಾಡಿ ಮೋಟಾರ್ ಸೈಕಲ್ಲೇ. ಆದರೆ ಬದಲಾವಣೆಗೆ ಆರ್‌ಟಿಓ ಒಪ್ಪಿಗೆ ಬೇಕು, ಆರ್‌ಸಿಯಲ್ಲಿ ಬರೆಸಬೇಕು. ಸುಮ್ನೆ ಕಟ್ಟಿಕೊಂಡು ಹೊರಡಬೇಡಿ.

"ಇಂಟರ್‌ಸೆಪ್ಟರ್ ದುಬಾರಿ" ಅಂತ ಈಗಲೇ ಯಾರೋ ಟೈಪ್ ಮಾಡುತ್ತಿದ್ದಾರೆ, ನನಗೆ ಗೊತ್ತು. ಹೌದು, ದುಬಾರಿ. ಸೆಕೆಂಡ್ ಹ್ಯಾಂಡ್ ತಗೊಳ್ಳಿ. ಕಾಯಿರಿ. ದುಡ್ಡು ಕೂಡಿಸಿ. ಫ್ರೇಮ್ ಸರಿಯಿಲ್ಲದ ಗಾಡಿಗೆ ಮಾತ್ರ ಕಟ್ಟಬೇಡಿ. ಫ್ರೇಮ್, ಫ್ರೇಮ್, ಫ್ರೇಮ್. ಇನ್ನೇನು ಹೇಳಲಿ?

ಟೆಂಟ್ ವಿಡಿಯೋ ಆದ ಮೇಲೆ ಸೈಡ್‌ಕಾರ್ ಚಕ್ರದ ಟೋ-ಇನ್, ಅಂದರೆ ಚಕ್ರದ ಮುಂಭಾಗ ಬೈಕಿನ ಕಡೆಗೆ ಸ್ವಲ್ಪ ತಿರುಗಿರುವುದು, ಹೇಗೆ ಹೊಂದಿಸುವುದು ಅಂತ ತೋರಿಸ್ತೀನಿ. ಎರಡು ನೇರ ಹಲಗೆ, ಒಂದು ಟೇಪ್ ಸಾಕು. ಸಬ್‌ಸ್ಕ್ರೈಬ್ ಮಾಡಿ, ಬೆಲ್ ಒತ್ತಿ. ನಿಮ್ಮ ಗಾಡಿಗೆ ಆಗುತ್ತಾ ಅಂತ ಕೇಳುವವರು ಸಿಸಿ ಬರೆಯಬೇಡಿ, ಫೋಟೋ ಕಳಿಸಿ. ಎಡಗಡೆಯಿಂದ, ನೆಲಕ್ಕೆ ಬಗ್ಗಿ, ಇಂಜಿನ್ ಕೆಳಗಡೆ ಕಾಣುವ ಹಾಗೆ. ಒಂದೊಂದನ್ನೂ ನೋಡಿ ಉತ್ತರ ಕೊಡ್ತೀನಿ.