ಅಬ್ಬಿ ಪೈಪಿನ ಗಾಳಿ, ಕಾರಿನ ಗಾಳಿ

ಕೇಳುಗರಿಗೆ ನಮಸ್ಕಾರ.

ಶಿರಸಿ, ಸಿದ್ದಾಪುರದ ಕಡೆ ಗುಡ್ಡದ ಅಬ್ಬಿ ನೀರನ್ನು ಪೈಪಿನಲ್ಲಿ ಮನೆಗೆ ತಂದುಕೊಂಡವರಿಗೆ ನಾನು ಇವತ್ತು ಹೇಳುವುದು ಅರ್ಧ ಗೊತ್ತೇ ಇದೆ. ಮೇಲೆ ನೀರು ಬೇಕಾದಷ್ಟಿದೆ, ಪೈಪು ಎಲ್ಲೂ ಒಡೆದಿಲ್ಲ, ಆದರೂ ತೊಟ್ಟಿಗೆ ಹನಿ ನೀರು ಬೀಳುವುದಿಲ್ಲ. ಆಗ ಪೈಪು ದಿಬ್ಬ ಹತ್ತಿ ಇಳಿಯುವ ಜಾಗಕ್ಕೆ ಹೋಗಿ ಜಾಯಿಂಟು ಸಡಿಲಿಸುತ್ತೀರಿ. ಬುಸ್ ಅಂತ ಗಾಳಿ ಹೋಗುತ್ತದೆ, ಹಿಂದೆಯೇ ನೀರು ಬರುತ್ತದೆ. ಕಾರಿನ ಎಂಜಿನ್ನನ್ನು ತಂಪಾಗಿಡುವ ನೀರಿನ ದಾರಿಯಲ್ಲೂ ಹೀಗೇ ಗಾಳಿ ಸಿಕ್ಕಿಕೊಳ್ಳುತ್ತದೆ. ಗ್ಯಾರೇಜಿನಲ್ಲಿ ಅದಕ್ಕೆ ಏರ್ ಲಾಕ್ ಅನ್ನುತ್ತಾರೆ.

ನಾನು ಇದನ್ನು ಕಲಿತದ್ದು ದೇವಿಮನೆ ಘಟ್ಟದಲ್ಲಿ. ಕಾರಿನ ಎಂಜಿನ್ನಿಗೆ ನೀರು ತಳ್ಳುವ ವಾಟರ್ ಪಂಪ್ ಹೊಸದು ಹಾಕಿಸಿ ಎರಡೇ ದಿನ ಆಗಿತ್ತು. ಕುಮಟಾ ಪೇಟೆಯೊಳಗೆ ಓಡಾಡುವಾಗ ಏನೂ ತೊಂದರೆ ಇರಲಿಲ್ಲ. ಘಟ್ಟ ಹತ್ತತೊಡಗಿದ್ದೇ ಹೀಟ್ ತೋರಿಸುವ ಮುಳ್ಳು ಸರ್ರನೆ ಏರಿತು, ಹಾಗೇ ಇಳಿಯಿತು, ಮತ್ತೆ ಏರಿತು. ಡ್ಯಾಶ್‌ಬೋರ್ಡಿನ ಹಿಂದೆ ಗುಳುಗುಳು ಸದ್ದು. ಎಸಿ ಬಂದ್ ಮಾಡಿ, ಕಿಟಕಿ ಇಳಿಸಿ, ಹೀಟರ್ ಪೂರ್ತಿ ತಿರುಗಿಸಿದೆ. ನಮ್ಮ ಕರಾವಳಿಯಲ್ಲಿ ಹೀಟರ್ ಹಾಕುವವರು ಯಾರು ಹೇಳಿ! ಆದರೆ ಎಂಜಿನ್ನಿನ ಬಿಸಿಯನ್ನು ಸ್ವಲ್ಪ ಹೊರಗೆ ಎಳೆಯಲು ಅದೊಂದು ಉಪಾಯ. ಬಂದದ್ದು ತಣ್ಣನೆಯ ಗಾಳಿ. ಎಂಜಿನ್ ಕುದಿಯುತ್ತಿದೆ, ಹೀಟರಿನಲ್ಲಿ ಬಿಸಿ ಇಲ್ಲ ಅಂದರೆ ಬಿಸಿನೀರು ಅಲ್ಲಿಗೆ ತಲುಪುತ್ತಲೇ ಇಲ್ಲ ಅಂತ ಲೆಕ್ಕ. ಬದಿಗೆ ನಿಲ್ಲಿಸಿ ಎಂಜಿನ್ ಬಂದ್ ಮಾಡಿದೆ.

ಮುಳ್ಳು ಹಾಗೆ ಕುಣಿಯುವುದು ಯಾಕೆ ಗೊತ್ತಾ? ಬಿಸಿ ಅಳೆಯುವ ಸೆನ್ಸರ್ ನೀರಿನಲ್ಲಿ ಮುಳುಗಿರಬೇಕು. ಒಮ್ಮೆ ಗಾಳಿ, ಒಮ್ಮೆ ನೀರು ತಾಗಿದರೆ ಅದು ಹೇಳುವ ಲೆಕ್ಕವೂ ತಪ್ಪುತ್ತದೆ. ಹಾಗಾಗಿ ಮುಳ್ಳು ಇಳಿಯಿತು ಅಂತ ಸುಮ್ನೆ ಗಾಡಿ ಓಡಿಸಬೇಡಿ.

ಅಲ್ಲೇ ರೇಡಿಯೇಟರಿನ ಮುಚ್ಚಳ ತೆಗೆಯಲು ಹೋಗಲೂಬೇಡಿ. ಒಳಗಿನ ನೀರು ಒತ್ತಡದಲ್ಲಿರುತ್ತದೆ. ಅದಕ್ಕೇ 100 ಡಿಗ್ರಿ ದಾಟಿದರೂ ಕುದಿಯದೆ ಕೂತಿರುತ್ತದೆ. ಮುಚ್ಚಳ ತಿರುಗಿಸಿದಿರೋ, ಕೂಗುತ್ತಿರುವ ಕುಕ್ಕರಿನ ಬಾಯಿ ತೆಗೆದ ಹಾಗೆ. ಮುಖ, ಕೈ ಬೇಯುತ್ತದೆ.

ಮರುದಿನ ಬೆಳಿಗ್ಗೆ ಗಾಡಿ ಪೂರ್ತಿ ತಣ್ಣಗಾದ ಮೇಲೆ ಕೆಲಸಕ್ಕೆ ಇಳಿದೆ. ಗ್ಯಾರೇಜಿನ ಬಿಲ್ ನೋಡಿದರೆ ತುಂಬಿದ ಕೂಲೆಂಟ್, ಅಂದರೆ ಎಂಜಿನ್ ತಂಪಾಗಿಡುವ ದ್ರವ, 3 ಲೀಟರ್. ನನ್ನ ಗಾಡಿಗೆ ಬೇಕಾದದ್ದು 4ಕ್ಕೂ ಜಾಸ್ತಿ. ಉಳಿದ ಜಾಗದಲ್ಲಿ ಇನ್ನೇನಿರುತ್ತದೆ, ಗಾಳಿಯೇ ಅಲ್ವಾ? ನೀರು ಇಳಿಸಿದಾಗ ಅಳೆದಿಟ್ಟುಕೊಳ್ಳಿ, ತುಂಬುವಾಗಲೂ ಅಳೆಯಿರಿ. ಇಷ್ಟು ಸುಲಭದ ಪರೀಕ್ಷೆ ಬೇರೆ ಇಲ್ಲ.

ಗಾಡಿಯ ಮೂತಿ ಮೇಲಾಗುವ ಹಾಗೆ ಇಳಿಜಾರಿನಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟೆ. ರೇಡಿಯೇಟರ್ ಬಾಯಿಯೇ ಎಲ್ಲಕ್ಕಿಂತ ಎತ್ತರ ಆಗಬೇಕು, ಅಬ್ಬಿ ಪೈಪಿನ ದಿಬ್ಬದ ಹಾಗೆ. ಕೆಲವು ಗಾಡಿಗಳಲ್ಲಿ ರೇಡಿಯೇಟರಿಗೆ ಮುಚ್ಚಳವೇ ಇರುವುದಿಲ್ಲ, ಕೂಲೆಂಟ್ ಡಬ್ಬಿಯಿಂದಲೇ ತುಂಬಬೇಕು. ಕೆಲವಕ್ಕೆ ಬಿಸಿಯಾದಾಗ ನೀರಿಗೆ ದಾರಿ ಬಿಡುವ ಥರ್ಮೋಸ್ಟಾಟ್ ಹತ್ತಿರವೋ ಹೀಟರ್ ಪೈಪಿನ ಮೇಲೋ ಗಾಳಿ ಬಿಡುವ ಸಣ್ಣ ಸ್ಕ್ರೂ ಇರುತ್ತದೆ. ಗಾಡಿಯ ಪುಸ್ತಕದಲ್ಲಿ ನೋಡಿಕೊಳ್ಳಿ. ಸ್ಕ್ರೂ ಸಡಿಲಿಸಿ ನಿಧಾನ ತುಂಬಿದರೆ ಮೊದಲು ಗುಳ್ಳೆ, ಆಮೇಲೆ ಒಂದೇ ಸಮ ನೀರು ಬರುತ್ತದೆ. ಆಗ ಬಿಗಿ ಮಾಡಿ.

ನಂತರ ಹೀಟರ್ ಪೂರ್ತಿ ಬಿಸಿಗೆ ತಿರುಗಿಸಿ, ಮುಚ್ಚಳ ಹಾಕದೆ ಎಂಜಿನ್ ಚಾಲೂ ಮಾಡಿದೆ. ಇಲ್ಲಿ ತಾಳ್ಮೆ ಬೇಕು. ಥರ್ಮೋಸ್ಟಾಟ್ ಬಾಗಿಲು ತೆರೆಯುವುದು 80, 90 ಡಿಗ್ರಿಯ ಹತ್ತಿರ. ಅಲ್ಲಿಯವರೆಗೆ ರೇಡಿಯೇಟರಿನ ಕಡೆಗೆ ನೀರು ಸರಿಯಾಗಿ ಹರಿಯುವುದೇ ಇಲ್ಲ. ಬಟ್ಟೆ ಹಿಡಿದು ಮೇಲಿನ ಹೋಸ್ ಪೈಪನ್ನು ಆಗಾಗ ಹಿಸುಕುತ್ತಿದ್ದೆ. ಹತ್ತು ಹದಿನೈದು ನಿಮಿಷಕ್ಕೆ ಗುಡುಗುಡು ಗುಳ್ಳೆ ಎದ್ದು ನೀರು ಒಮ್ಮೆಲೇ ಕೆಳಗಿಳಿಯಿತು. ಕೂಲೆಂಟ್ ಸೇರಿಸಿದೆ. ಮತ್ತೆ ಇಳಿಯಿತು, ಮತ್ತೆ ಸೇರಿಸಿದೆ. ಹೀಟರಿನಲ್ಲಿ ಬಿಸಿ ಬಂತು. ಮುಚ್ಚಳ ಹಾಕಿದೆ, ರೇಡಿಯೇಟರ್ ಫ್ಯಾನ್ ಎರಡು ಸಲ ಚಾಲೂ ಆಗಿ ನಿಲ್ಲುವವರೆಗೂ ಕಾದೆ.

ತುಂಬಲು ಬಾವಿ ನೀರು ಬೇಡ. ಅಂಕೋಲಾ, ಕಾರವಾರದ ದಡದ ಬಾವಿಗಳಲ್ಲಿ ಉಪ್ಪಿರುತ್ತದೆ, ಒಳಗೆ ತುಕ್ಕು ಹಿಡಿಯುತ್ತದೆ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಮತ್ತು ನೀರು ಬೆರೆಸದ ಕೂಲೆಂಟ್ ಸಮಪಾಲು ಬೆರೆಸಿದರಾಯಿತು. ಥರ್ಮೋಸ್ಟಾಟನ್ನೇ ಕಿತ್ತು ಬಿಸಾಡಿ ಅನ್ನುವವರ ಮಾತು ಕೇಳಬೇಡಿ. ಅದು ತಲೆನೋವಿಗೆ ತಲೆ ತೆಗೆದ ಹಾಗೆ.

ಇಷ್ಟು ಮಾಡಿದರೂ ಗುಳ್ಳೆ ನಿಲ್ಲದಿದ್ದರೆ, ಹೊಗೆಕೊಳವೆಯಿಂದ ಬಿಳಿ ಹೊಗೆ ಬರುತ್ತಲೇ ಇದ್ದರೆ, ಎಂಜಿನ್ ಆಯಿಲ್ ಹಾಲು ಚಹಾದ ಬಣ್ಣಕ್ಕೆ ತಿರುಗಿದ್ದರೆ, ಅದು ಹೊರಗಿನ ಗಾಳಿ ಅಲ್ಲ. ಹೆಚ್ಚಾಗಿ ಹೆಡ್ ಗ್ಯಾಸ್ಕೆಟ್, ಅಂದರೆ ಎಂಜಿನ್ ಹೆಡ್ಡಿನ ಅಡಿಯ ಪದರ, ಹೋಗಿ ಸಿಲಿಂಡರಿನ ಹೊಗೆ ನೀರಿಗೆ ನುಗ್ಗುತ್ತಿರುತ್ತದೆ. ಆ ಗಾಡಿಯನ್ನು ಓಡಿಸದೆ ಎಳೆಸಿಕೊಂಡು ಹೋಗುವುದೇ ಸರಿ.

ನನ್ನದು ಅಷ್ಟಕ್ಕೆ ಹೋಗಲಿಲ್ಲ. ಮರುದಿನ ಬೆಳಿಗ್ಗೆ ಡಬ್ಬಿಯಲ್ಲಿ ಎರಡು ಬೆರಳಷ್ಟು ಇಳಿದಿತ್ತು, ತುಂಬಿದೆ. ಅದರ ಮರುದಿನ ಗೆರೆ ಮುಟ್ಟಿಯೇ ಇತ್ತು. ಹೋಸಿನ ಕ್ಲಾಂಪುಗಳನ್ನು ಕೈಯಲ್ಲಿ ಸವರಿ ನೋಡಿದೆ, ಒದ್ದೆ ಇಲ್ಲ. ಆ ವಾರವೇ ಮತ್ತೆ ದೇವಿಮನೆ ಹತ್ತಿದೆ. ಮುಳ್ಳು ಅರ್ಧ ದಾಟಲಿಲ್ಲ.

ನಮಸ್ಕಾರ.