ಕೇಳಿಸದ ಕೂಗು

ಚಿತ್ರ ಸಮಾಜದ ಗೆಳೆಯರೇ, ಹಿರಿಯರೇ,

ಸಾಕ್ಷ್ಯಚಿತ್ರ ಮಾಡುವವನನ್ನು ಹಾರರ್ ಚಿತ್ರಗಳ ಬಗ್ಗೆ ಮಾತನಾಡಲು ಯಾಕೆ ಕರೆದಿರಿ ಎಂದು ಸಂಘಟಕರನ್ನು ಕೇಳಿದೆ. ‘ನಿಮಗೆ ಎರಡೂ ಇಷ್ಟವಲ್ಲವೇ’ ಎಂದರು. ಇಷ್ಟವೇನೋ ಹೌದು. ಆದರೆ ದೆವ್ವದ ಚಿತ್ರ ನೋಡಿ ನಾನು ಹೆದರಿದ್ದು ಕಡಿಮೆ. ನನ್ನ ನಿದ್ದೆ ಕೆಡಿಸಿದ್ದು ಒಂದು ಸಾಕ್ಷ್ಯಚಿತ್ರ.

1922ರ ಮಾರ್ಚ್‌ನಲ್ಲಿ ಬರ್ಲಿನ್‌ನಲ್ಲಿ ನಿರ್ದೇಶಕ ಮುರ್ನೌನ ಹಾರರ್ ಚಿತ್ರ ‘ನೊಸ್ಫೆರಾಟು’ ತೆರೆ ಕಂಡಿತು. ಜೂನ್‌ನಲ್ಲಿ ನ್ಯೂಯಾರ್ಕ್‌ನಲ್ಲಿ ಫ್ಲಾಹರ್ಟಿಯ ಸಾಕ್ಷ್ಯಚಿತ್ರ ‘ನಾನೂಕ್ ಆಫ್ ದ ನಾರ್ತ್’. ಒಂದು ರಕ್ತ ಹೀರುವ ಪಿಶಾಚಿಯ ಕಥೆ, ಇನ್ನೊಂದು ಕೆನಡಾದ ಉತ್ತರದ ಹಿಮನಾಡಿನ ಮೂಲನಿವಾಸಿ ಇನ್ಯುಯಿಟ್ ಕುಟುಂಬವೊಂದರ ಬದುಕು. ಮೊದಲನೆಯದು ಕಟ್ಟಿದ್ದು, ಎರಡನೆಯದು ಕಂಡದ್ದು ಎಂದು ಓದುವ ದಿನಗಳಲ್ಲಿ ನೋಟ್‌ಬುಕ್‌ನಲ್ಲಿ ಬರೆದುಕೊಂಡಿದ್ದೆ. ಆ ಸಾಲನ್ನು ಹೊಡೆದುಹಾಕಲು ನನಗೆ ಹದಿನೈದು ವರ್ಷ ಬೇಕಾಯಿತು.

ಎರಡು ವರ್ಷ ಮೊದಲು ಬಂದ ಜರ್ಮನ್ ಹಾರರ್ ಚಿತ್ರ ‘ಡಾ. ಕ್ಯಾಲಿಗರಿ’ಯಲ್ಲಿ ನೆರಳುಗಳನ್ನೂ ಸೆಟ್ಟಿನ ಪರದೆಗಳ ಮೇಲೆ ಬಣ್ಣದಲ್ಲಿ ಬರೆದಿದ್ದರು. ಮುರ್ನೌ ಹಾಗೆ ಮಾಡಲಿಲ್ಲ. ಕ್ಯಾಮೆರಾ ಹೊತ್ತು ಸ್ಲೊವಾಕಿಯಾದ ಒರಾವಾ ಕೋಟೆಗೆ ಹೋದ, ಜರ್ಮನಿಯ ವಿಸ್ಮಾರ್ ಬಂದರಿಗೆ ಹೋದ. ಪಿಶಾಚಿ ಕೊಂಡುಕೊಳ್ಳುವ ಮನೆ ಎಂದು ನಾವು ನೋಡುವುದು ಲ್ಯೂಬೆಕ್‌ನ ಹಳೆಯ ಉಪ್ಪಿನ ಗೋದಾಮುಗಳನ್ನು. ಆ ಕಿಟಕಿಗಳನ್ನು ಯಾವ ಕಲಾ ನಿರ್ದೇಶಕನೂ ಅಷ್ಟು ಕೆಟ್ಟದಾಗಿ ಕಟ್ಟಲಾರ. ಇರುಳಿನ ದೃಶ್ಯಗಳನ್ನೂ ಹಗಲಿನಲ್ಲೇ ತೆಗೆದು ಪ್ರತಿಗೆ ನೀಲಿ ಬಣ್ಣ ಹಾಯಿಸುತ್ತಿದ್ದರು. ನಾನು ಮೊದಲು ನೋಡಿದ ಪ್ರತಿಯಲ್ಲಿ ಆ ನೀಲಿ ಇರಲಿಲ್ಲ. ಬಿಸಿಲು ತಾಗಿದರೆ ಕರಗಿಹೋಗುವ ಪಿಶಾಚಿ ಹಾಡಹಗಲಲ್ಲಿ ತನ್ನ ಶವಪೆಟ್ಟಿಗೆಯನ್ನು ತಾನೇ ಕಂಕುಳಲ್ಲಿ ಹಿಡಿದು, ಮನೆ ಬದಲಾಯಿಸುವ ಗುಮಾಸ್ತನಂತೆ ಬೀದಿ ದಾಟುತ್ತಿತ್ತು. ಸಭೆ ನಕ್ಕಿತು. ನನಗೆ ನಗು ಬರಲಿಲ್ಲ. ಬೀದಿ ನಿಜವಾದದ್ದು, ಅದೇ ಸಾಕಾಗಿತ್ತು.

ಅತ್ತ ಫ್ಲಾಹರ್ಟಿ ಏನು ಮಾಡುತ್ತಿದ್ದ? ಸೆಟ್ ಹಾಕುತ್ತಿದ್ದ. ಹಿಮದ ಮನೆಯೊಳಗೆ ಅವನ ಕ್ಯಾಮೆರಾಕ್ಕೆ ಬೆಳಕು ಸಾಲದು. ಹಾಗಾಗಿ ಅರ್ಧ ಇಗ್ಲೂ ಕಟ್ಟಿಸಿದ. ಒಂದು ಬದಿ ಪೂರ್ತಿ ತೆರೆದಿತ್ತು. ಅದರೊಳಗೆ ಒಂದು ಸಂಸಾರ ಕೊರೆಯುವ ಗಾಳಿಯಲ್ಲಿ ಬಟ್ಟೆ ಬಿಚ್ಚಿ ಮಲಗುವಂತೆ ನಟಿಸಿತು. ನಾನೂಕ್‌ನ ನಿಜವಾದ ಹೆಸರು ಅಲ್ಲಾಕಾರಿಯಲ್ಲಾಕ್. ಹೆಂಡತಿ ಎಂದು ತೋರಿಸಿದವಳು ಅವನ ಹೆಂಡತಿಯಲ್ಲ. ಬಂದೂಕು ಬಳಸುತ್ತಿದ್ದ ಬೇಟೆಗಾರರ ಕೈಗೆ ಮತ್ತೆ ಈಟಿ ಬಂತು.

ಇದನ್ನೆಲ್ಲ ಮೋಸ ಎಂದು ಕೂಗುವವರ ಜೊತೆ ನಾನಿಲ್ಲ. ನನ್ನ ತಕರಾರು ವಾಲ್ರಸ್ ಎಂಬ ಕೋರೆಯ ದೈತ್ಯ ಕಡಲಪ್ರಾಣಿಯ ಬೇಟೆಯದು. ಈಟಿ ನೆಟ್ಟ ವಾಲ್ರಸ್ ನೀರಿನತ್ತ ಎಳೆಯುತ್ತಿದೆ, ನಾಲ್ಕಾರು ಜನ ಹಗ್ಗ ಹಿಡಿದು ಜಾರುತ್ತಿದ್ದಾರೆ. ಬಂದೂಕು ಹಾರಿಸು ಎಂದು ಅವರು ಫ್ಲಾಹರ್ಟಿಗೆ ಮತ್ತೆ ಮತ್ತೆ ಕೂಗಿದರಂತೆ. ಅವನು ಅರ್ಥವಾಗದವನಂತೆ ಕ್ಯಾಮೆರಾದ ಹಿಡಿ ತಿರುಗಿಸುತ್ತಲೇ ಇದ್ದ. ಇದು ಅವನ ವೈರಿಗಳು ಹಬ್ಬಿಸಿದ ಸುದ್ದಿಯಲ್ಲ, ಅವನೇ ಬರೆದುಕೊಂಡದ್ದು, ಅದೂ ಸ್ವಲ್ಪ ಹೆಮ್ಮೆಯಿಂದಲೇ.

ಅದೇ 1922ರಲ್ಲಿ ಬಂದ ಇನ್ನೊಂದು ಚಿತ್ರ ಕ್ರಿಸ್ಟೆನ್ಸನ್‌ನ ‘ಹೆಕ್ಸನ್’. ಮಾಟಗಾತಿಯರನ್ನು ಬೇಟೆಯಾಡಿದ ಚರಿತ್ರೆ ಅದರ ವಸ್ತು. ಶುರುವಾಗುವುದು ಹಳೆಯ ಚಿತ್ರಗಳನ್ನು ಕೋಲಿನಿಂದ ತೋರಿಸುತ್ತ, ಥೇಟ್ ನನ್ನಂಥ ಉಪನ್ಯಾಸಕನ ಹಾಗೆ. ಸೈತಾನನ ಪಾತ್ರ ನಿರ್ದೇಶಕನದೇ. ಚಿತ್ರೀಕರಣದ ಬಿಡುವಿನಲ್ಲಿ, ಮಾಟಗಾತಿಯಾಗಿ ನಟಿಸುತ್ತಿದ್ದ ಮುದುಕಿ ಅವನ ಕಡೆ ಮುಖವೆತ್ತಿ, ಸೈತಾನ ನಿಜ, ನನ್ನ ಹಾಸಿಗೆಯ ಪಕ್ಕದಲ್ಲೇ ಕೂತಿದ್ದನ್ನು ಕಂಡಿದ್ದೇನೆ ಎಂದಳಂತೆ. ಕ್ರಿಸ್ಟೆನ್ಸನ್ ಕೇಳಿಸಿಕೊಂಡ. ಆ ಮಾತನ್ನು ಅಕ್ಷರದಲ್ಲಿ ತೆರೆಯ ಮೇಲೆ ಹಾಕಿದ. ಮೂವರಲ್ಲಿ ಯಾರು ಸಾಕ್ಷ್ಯಚಿತ್ರಕಾರ ಎಂದು ಈಗ ಯಾರಾದರೂ ಕೇಳಿದರೆ ನನಗೆ ಥಟ್ಟನೆ ಉತ್ತರ ಹೊಳೆಯುವುದಿಲ್ಲ.

ನನ್ನ ಮೊದಲ ಚಿತ್ರ ಮಲೆನಾಡಿನ ಒಂದು ಅಡುಗೆಮನೆಯದು. ಮಸಿ ಹಿಡಿದ ಗೋಡೆ, ಕೈಯಗಲದ ಬೆಳಕಿಂಡಿ. ಬೆಳಕು ಸಾಲದೆ ಒಲೆಯ ಮೇಲಿನ ಹತ್ತು ಹನ್ನೆರಡು ಹೆಂಚು ತೆಗೆಸಿದೆ. ಅರ್ಧ ಇಗ್ಲೂ ಅನ್ನಿ. ಅಜ್ಜಿ ಒಲೆ ಊದುವ ದೃಶ್ಯವನ್ನು ಏಳು ಸಲ ತೆಗೆದೆವು. ಆ ಚಿತ್ರ ನೋಡಿದವರೆಲ್ಲ ಮೆಚ್ಚುವುದು ಅದನ್ನೇ. ಎಷ್ಟು ಸಹಜ, ಕ್ಯಾಮೆರಾ ಇದೆ ಅಂತಲೇ ಅನಿಸುವುದಿಲ್ಲ ಎನ್ನುತ್ತಾರೆ. ನಾಲ್ಕನೆಯ ಸಲದ ಹೊತ್ತಿಗೇ ಅಜ್ಜಿ ಕೆಮ್ಮುತ್ತ, ‘ಸಾಕೇನಪ್ಪಾ?’ ಎಂದು ಕೇಳಿದ್ದರು. ಹೆಡ್‌ಫೋನ್ ಹಾಕಿಕೊಂಡಿದ್ದವನು ನಾನೇ. ಅಷ್ಟು ಸ್ಪಷ್ಟವಾಗಿ ಆ ಕೋಣೆಯಲ್ಲಿ ಇನ್ನಾರಿಗೂ ಕೇಳಿಸಿರಲಾರದು. ‘ಇನ್ನೊಂದೇ ಸಲ, ಅಜ್ಜಿ’ ಎಂದೂ ನಾನು ಹೇಳಲಿಲ್ಲ, ಸುಮ್ಮನೆ ಕೈಸನ್ನೆ ಮಾಡಿದೆ. ಆಮೇಲೆ ಸಂಕಲನದ ಮೇಜಿನ ಮುಂದೆ ಕೂತು ಆ ಎರಡು ಸೆಕೆಂಡ್ ಧ್ವನಿಯನ್ನು ಕತ್ತರಿಸಿ, ಅಲ್ಲಿ ಬೇರೆ ದಿನದ ಮಳೆಯ ಸದ್ದು ಇಟ್ಟೆ.

ಈಗ ‘ನಾನೂಕ್’ ಪ್ರದರ್ಶನ. ವಾಲ್ರಸ್ ದೃಶ್ಯ ಬಂದಾಗ ಹಗ್ಗ ಹಿಡಿದವರನ್ನು ನೋಡಿ. ಮೂಕಿ ಚಿತ್ರ, ಕೂಗು ಕೇಳಿಸುವುದಿಲ್ಲ. ದೀಪ ಆರಿಸಬಹುದು.