ಸಹಾಯಕಿಯನ್ನೂ ಕರೆಯಬೇಕಾದ ತರಬೇತಿ

ಮಾನ್ಯರೇ,

ಚಿತ್ರದುರ್ಗದ ಈ ಸಭೆಯಲ್ಲಿ ಅಂಗನವಾಡಿ ಕಾರ್ಯಕರ್ತೆಯರಿಗೆ ತರಬೇತಿ ನೀಡುವವರೇ ಹೆಚ್ಚಾಗಿರುವುದರಿಂದ ಪೀಠಿಕೆಯನ್ನು ಮೊಟಕುಗೊಳಿಸುತ್ತೇನೆ. 1975ರ ಅಕ್ಟೋಬರ್ 2ರಂದು ಆರಂಭವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯಲ್ಲಿ ಪೂರಕ ಪೌಷ್ಟಿಕ ಆಹಾರ, ಚುಚ್ಚುಮದ್ದುಗಳ ಜೊತೆಗೆ ಶಾಲಾಪೂರ್ವ ಶಿಕ್ಷಣವೂ ಸೇರಿತ್ತು. ಮೂರರಿಂದ ಎಂಟು ವರ್ಷದ ಮಕ್ಕಳಿಗಾಗಿ ರೂಪಿಸಿದ 2022ರ ಬುನಾದಿ ಹಂತದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಸಾಮಾಜಿಕ ಮತ್ತು ಭಾವನಾತ್ಮಕ ಬೆಳವಣಿಗೆಯನ್ನು ಕಲಿಕೆಯ ಗುರಿಗಳಲ್ಲೇ ಸೇರಿಸಿತು. ಆದ್ದರಿಂದ ಇದನ್ನು ಕಲಿಸಬೇಕೇ ಎಂಬ ಚರ್ಚೆ ಮುಗಿದಿದೆ. ಯಾವ ಮನೆಯ ರೀತಿನೀತಿಯನ್ನು ಅಳತೆಗೋಲಾಗಿಟ್ಟುಕೊಂಡು ಕಲಿಸುತ್ತೇವೆ ಎಂಬುದು ಮಾತ್ರ ಇತ್ಯರ್ಥವಾಗಿಲ್ಲ.

ಸಾಮಾಜಿಕ ಮತ್ತು ಭಾವನಾತ್ಮಕ ಕಲಿಕೆಗಾಗಿ ಅಮೆರಿಕದಲ್ಲಿ 1994ರಲ್ಲಿ ಹುಟ್ಟಿದ ಕ್ಯಾಸೆಲ್ ಸಂಸ್ಥೆ ತನ್ನನ್ನು ತಾನು ಅರಿಯುವುದು, ಹತೋಟಿಯಲ್ಲಿಟ್ಟುಕೊಳ್ಳುವುದು, ಇತರರನ್ನು ಅರಿಯುವುದು, ಸಂಬಂಧ ಕಾಪಾಡುವುದು, ಹೊಣೆಯರಿತು ನಿರ್ಧರಿಸುವುದು ಎಂಬ ಐದು ಸಾಮರ್ಥ್ಯಗಳನ್ನು ಗುರುತಿಸಿದೆ. ಐದರ ಬಗ್ಗೆಯೂ ನನ್ನ ತಕರಾರಿಲ್ಲ. ಆದರೆ ಇವುಗಳ ಗುರುತು ಎಲ್ಲ ಮಕ್ಕಳಲ್ಲೂ ಒಂದೇ ಬಗೆಯಲ್ಲಿ ಕಾಣಿಸುತ್ತದೆಂದು ನಂಬಿ ತಯಾರಿಸಿದ ತಪಾಸಣಾ ಪಟ್ಟಿಗಳು ನಮ್ಮ ಜಿಲ್ಲೆಗೆ ಹೊಂದುವುದಿಲ್ಲ. ದೊಡ್ಡವರೆದುರು ತಲೆ ತಗ್ಗಿಸಿ ನಿಲ್ಲಬೇಕೆಂದು ಮನೆಯಲ್ಲಿ ಕಲಿತು ಬಂದ ಮಗು, ಕಣ್ಣಲ್ಲಿ ಕಣ್ಣಿಟ್ಟು ಮಾತಾಡದ ಕಾರಣಕ್ಕೆ "ಆತ್ಮವಿಶ್ವಾಸ ಕಡಿಮೆ" ಎಂಬ ಷರಾ ಪಡೆಯುವುದು ನ್ಯಾಯವಲ್ಲ.

ಲಂಬಾಣಿ ತಾಂಡಾದ ಕೇಂದ್ರವೊಂದನ್ನು ಕಣ್ಣ ಮುಂದೆ ತಂದುಕೊಳ್ಳಿ. ಅಪ್ಪ ಅಮ್ಮ ಕಬ್ಬು ಕಡಿಯಲು ಹೋಗಿದ್ದಾರೆ, ಮಗು ಅಜ್ಜಿಯ ಬಳಿ ಇದೆ. ಆಟದ ಮರದ ತುಂಡನ್ನು ಯಾರೋ ಕಸಿದರೆಂದು ಅದು ಪಕ್ಕದ ಮಗುವಿಗೆ ಹೊಡೆಯುತ್ತದೆ. ಕಾರ್ಯಕರ್ತೆ "ಸಾರಿ ಹೇಳು" ಎಂದು ಕನ್ನಡದಲ್ಲಿ ಒತ್ತಾಯಿಸಿದಷ್ಟೂ ಮಗು ಬಿಗಿಯುತ್ತದೆ. ಆಗ ಅದೇ ತಾಂಡಾದ ಸಹಾಯಕಿ ಒಲೆಯ ಬಳಿಯಿಂದೆದ್ದು ಬಂದು, ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು, ಅಮ್ಮ ಯಾವಾಗ ಬರುತ್ತಾಳೆಂಬ ವಿಷಯವನ್ನು ಲಂಬಾಣಿಯಲ್ಲೇ ತೆಗೆಯುತ್ತಾಳೆ. ಸಿಟ್ಟಿನ ಮೂಲ ಮರದ ತುಂಡಲ್ಲ ಎಂಬುದು ಆಕೆಗೆ ಗೊತ್ತು. ತೆಲುಗು ಮನೆಮಾತಿನ ಮಕ್ಕಳು ಬರುವ ಮೊಳಕಾಲ್ಮುರಿನ ಕೇಂದ್ರಗಳಲ್ಲೂ ಇಂಥ ನೆರವು ಬೇಕು. ಆದರೂ ತರಬೇತಿಯ ಕರೆ ಬರುವುದು ಸಾಮಾನ್ಯವಾಗಿ ಕಾರ್ಯಕರ್ತೆಗೆ. ಸಹಾಯಕಿ ಅಡುಗೆಗೆ ಉಳಿಯುತ್ತಾಳೆ. ನನ್ನ ಮಟ್ಟಿಗೆ ಇದೇ ನಮ್ಮ ತರಬೇತಿಗಳ ದೊಡ್ಡ ಲೋಪ.

ಸಂಸ್ಕೃತಿಗೆ ಸ್ಪಂದಿಸುವುದೆಂದರೆ ಎಲ್ಲ ಸಂಪ್ರದಾಯಕ್ಕೂ ತಲೆದೂಗುವುದಲ್ಲ. ಕೆಲವು ಗೊಲ್ಲರಹಟ್ಟಿಗಳಲ್ಲಿ ಬಾಣಂತಿಯನ್ನು ಹಟ್ಟಿಯ ಹೊರಗಿನ ಗುಡಿಸಲಿನಲ್ಲಿರಿಸುವ ಪದ್ಧತಿ ಇನ್ನೂ ಪೂರ್ತಿ ನಿಂತಿಲ್ಲ. ಅದನ್ನು ತಡೆಯುವ ಕೆಲಸ ಬೇರೆ, ಅದು ನಡೆಯಲೇಬೇಕು. ಆದರೆ ತಾಯಿಯಿಂದ ದೂರವಾದ ಮೂರು ವರ್ಷದ ಹಿರಿಯ ಮಗು ಕೇಂದ್ರದಲ್ಲಿ ಏಕಾಏಕಿ ಮಂಕಾದಾಗ, ಹಟ್ಟಿಯವರನ್ನು ಹೀಗಳೆಯದೆ ಕಾರಣ ತಿಳಿದು ಮಗುವಿಗೆ ಆಸರೆಯಾಗುವುದು ಕಾರ್ಯಕರ್ತೆಯ ಅಂದಿನ ಕೆಲಸ. ಇದು ಸ್ಲೈಡು ತೋರಿಸಿ ಕಲಿಸುವಂಥದ್ದಲ್ಲ.

ಮೇಲ್ವಿಚಾರಕಿಯರು ನಡೆಸುವ ಮಾಸಿಕ ಸಭೆಗಳು ಬಹುಪಾಲು ವರದಿ, ದಾಖಲಾತಿ, ಅಂಗನವಾಡಿ ಮಾಹಿತಿ ತುಂಬುವ ಮೊಬೈಲ್ ಆ್ಯಪ್ ಪೋಷಣ್ ಟ್ರ್ಯಾಕರ್‌ನ ಗೊಂದಲಗಳಲ್ಲೇ ಕಳೆಯುತ್ತವೆ. ಪ್ರತಿ ಸಭೆಯಲ್ಲಿ ಅರ್ಧ ಗಂಟೆಯನ್ನು ಕಾರ್ಯಕರ್ತೆ ಮತ್ತು ಸಹಾಯಕಿ ಜೊತೆಯಾಗಿ ಒಂದು ಮಗುವಿನ ಅಳು, ಹಟ ಅಥವಾ ಮೌನದ ಬಗ್ಗೆ ಮಾತಾಡಲು ಮೀಸಲಿಡಿ ಎಂಬುದು ನನ್ನ ಸಲಹೆ. ಸಭೆಯ ದಿನ ಮಕ್ಕಳ ಊಟದ ಹೊಣೆ ಯಾರದೆಂಬುದನ್ನು ಮಾತ್ರ ನೀವು ಮೊದಲೇ ತೀರ್ಮಾನಿಸಬೇಕಾಗುತ್ತದೆ.